ಹೊಳಿಯವರ ಕಡೆಯ ಡಾಕ್ಟರು

ಆಗಸ್ಟ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಬನಹಟ್ಟಿಯಲ್ಲಿ ಈಗಷ್ಟೇ ಕರೆಂಟು ಹೋಯಿತು. ನಮ್ಮ ಓಣಿಯ ಪವರ್‌ಲೂಮುಗಳು ಒಂದರ ಹಿಂದೆ ಒಂದು ನಿಂತವು. ಈ ಊರಲ್ಲಿ ಹುಟ್ಟಿದವರು ಮಗ್ಗದ ಸದ್ದಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಾರೆ, ಸದ್ದು ನಿಂತರೆ ಎದ್ದು ಕೂರುತ್ತಾರೆ. ಇಂಥ ಹೊತ್ತಿನಲ್ಲಿ ಬಾಗಿಲ ಮುಂದೆ ಒಂದು ಹಳೆಯ ಮೋಟರ್‌ಸೈಕಲ್ ಬಂದು ನಿಲ್ಲುವುದು ರೂಢಿಯಾಗಿತ್ತು. ಇವತ್ತು ನಿಲ್ಲುವುದಿಲ್ಲ. ಅವರು ತೀರಿಕೊಂಡು ನಾಳೆಗೆ ಎರಡು ತಿಂಗಳು. ಹೀಗಾಗಿ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಹೆಸರುಗಳ ಮೇಲೆ ಅಷ್ಟು ವಿಶ್ವಾಸವಿರಲಿಲ್ಲ. ಅವರು ದನದ ಡಾಕ್ಟರು. ಬೀಳಗಿ, ಮುಧೋಳ, ಜಮಖಂಡಿ, ಮೂರೂ ಕಡೆ ಸರ್ಕಾರಿ ನೌಕರಿ ಮಾಡಿ, ಜಮಖಂಡಿಯಲ್ಲೇ ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡವರು. ಹುಟ್ಟೂರು ಕೃಷ್ಣೆಯ ದಂಡೆಯ ಗಲಗಲಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಔಷಧದ ಚೀಲದಲ್ಲಿ ಸಿರಿಂಜು, ಸ್ಟೆಥಾಸ್ಕೋಪು, ಹಗ್ಗ, ಅದರ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಒಂದು ಟೇಪ್‌ರೆಕಾರ್ಡರ್. ಅವರಿಗೆ ಹುಚ್ಚು ಇದ್ದದ್ದು ಇಂಗ್ಲಿಷ್ ರಾಕ್ ಸಂಗೀತದ್ದು. ಅದರಲ್ಲೂ ಎರಡೇ ಜಾತಿಯದ್ದು: ಪ್ರೋಗ್ರೆಸಿವ್ ಮತ್ತು ಸೈಕೆಡೆಲಿಕ್. ಒಂದೊಂದು ಹಾಡು ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಹರಿಯುವಂಥದ್ದು.

ಆದರೆ ಬ್ಯಾಂಡುಗಳ ನಿಜವಾದ ಹೆಸರನ್ನು ಅವರು ಎಂದೂ ಹೇಳಲಿಲ್ಲ. ಎಲ್ಲರಿಗೂ ತಾವೇ ಹೆಸರಿಟ್ಟಿದ್ದರು. ಕೊಳಲಿನವರು. ಮಂಜಿನವರು. ಹಾಡುಗಾರ ಹಲ್ಲುನೋವು ಬಂದವನಂತೆ ನರಳುವ ಒಂದು ತಂಡಕ್ಕೆ ದವಡಿಯವರು. ನಾನು ಮೊದಲ ಸಲ ನನ್ನ ಫೋನಿನಿಂದ ಒಂದು ಹೊಸ ತಂಡವನ್ನು ಕೇಳಿಸುತ್ತ ಅದರ ಹೆಸರು ಹೇಳಹೊರಟಾಗ ಕೈ ಅಡ್ಡ ಹಿಡಿದರು.

"ಹೆಸರು ಬ್ಯಾಡ ಅವ್ವಾ. ಹೆಸರು ಗೊತ್ತಾತಂದ್ರ ಕಿವಿ ಅರ್ಧಾ ಮುಚ್ಚತೈತಿ. ಹಾಡ ಹಚ್ಚು."

ಹಚ್ಚಿದೆ. ಅದು ಚಳಿದೇಶದ ಹುಡುಗರ ತಂಡ, ಬಹಳ ಭಾರ, ಬಹಳ ಗದ್ದಲ. ನನಗೆ ಪ್ರಾಣ. ಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಂದಿನ ಸಲ ಬಂದಾಗ "ಅದನ್ನ ಮತ್ತ ಹಚ್ಚು" ಎಂದರು. ಅದರ ಮುಂದಿನ ಸಲವೂ ಕೇಳಿದರು. ಮೂರನೆಯದು ಮುಗಿದ ಮೇಲೆ ಬಾಯಿ ಬಿಟ್ಟರು.

"ಕಬ್ಬಿನ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡಂಗ ಆತು. ಮುಂದೂ ಹೋಗೂಹಂಗಿಲ್ಲ, ಹಿಂದೂ ಬರೂಹಂಗಿಲ್ಲ. ಆದ್ರ ಟ್ರಾಲಿ ತುಂಬೇತಿ ಬಿಡು, ಖಾಲಿ ಗದ್ಲ ಅಲ್ಲ. ನನಗ ಸೇರೂದಿಲ್ಲ."

"ಒಂದ ಸಲಕ್ಕ ಹೇಳಬಹುದಿತ್ತಲ್ರಿ ಕಾಕಾ."

"ಮೂರ ಸಲ ಕೇಳಲಾರದ 'ಸೇರೂದಿಲ್ಲ' ಅನ್ನಾಕ ನನಗೇನ ಹಕ್ಕೈತಿ?"

ಅಂದಿನಿಂದ ನನ್ನ ತಂಡ ಟ್ರ್ಯಾಕ್ಟರ್‌ನವರು. ನನಗೆ ಒಂಚೂರೂ ಬೇಜಾರಾಗಲಿಲ್ಲ. ನಾನು ಜಮಖಂಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನಾ ನೋಡಿದ್ದನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: 'ಇಷ್ಟಪಡದ ಹಾಡನ್ನು ಇಷ್ಟು ಮರ್ಯಾದೆಯಿಂದ ಕೇಳಿದವರನ್ನು ಇವತ್ತೇ ನೋಡಿದ್ದು.'

ಹೀಗೆ ಕೂಡಿ ಕೂತು ಹಾಡು ಕೇಳುವ ಬೈಠಕ್ಕು ನಡೆಯುತ್ತಿದ್ದದ್ದು ನನ್ನ ಸೋದರಮಾವನ ನೂಲಿನ ಅಂಗಡಿಯ ಮೇಲಿನ ಖೋಲಿಯಲ್ಲಿ. ಮಾಮಾನನ್ನು ಪೇಟೆಯಲ್ಲಿ ಎಲ್ಲರೂ ಸಾವಕಾರ್ರು ಎನ್ನುತ್ತಾರೆ. ನಮ್ಮದು ನೇಕಾರರ ಮನೆ. ಸುತ್ತ ಮಗ್ಗಗಳಿರುವುದರಿಂದ ಸಣ್ಣ ದನಿಯ ಹಾಡು ಕೇಳಬೇಕೆಂದರೆ ಕರೆಂಟು ಹೋಗಬೇಕು. ಲೈನ್ ರಿಪೇರಿಗೆಂದು ಕರೆಂಟು ತೆಗೆಯುವ ದಿನ ಮೊದಲೇ ಗೊತ್ತಾದರೆ ಮಾಮಾ ಜಮಖಂಡಿಗೆ ಫೋನು ಮಾಡುತ್ತಿದ್ದ. ಕಾಕಾ ಬರುವಾಗ ಪ್ರತಿ ಸಲ ಹೊಸ ಸೆಲ್ಲು ತರುತ್ತಿದ್ದರು. ಹಳೆಯವು ಇನ್ನೂ ಚೆನ್ನಾಗಿದ್ದರೂ ತೆಗೆದುಬಿಡುತ್ತಿದ್ದರು.

"ಸೆಲ್ ಇಳದ್ರ ಹಾಡ ಎಳೀತಾವು. ಅವ್ರು ಯಾವ ನಡಗಿಯಾಗ ನಡದಾರೋ ಅದ ನಡಗಿಯಾಗ ಕೇಳಬೇಕು."

ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಇಬ್ಬರ ರುಚಿಯೂ ಪೂರ್ವ ಪಶ್ಚಿಮ. ಮಾಮಾನಿಗೆ ಕಟ್ಟುವ ಬ್ಯಾಂಡು ಬೇಕು: ತಾಳ ಬದಲಾಗಬೇಕು, ಒಂದು ಭಾಗ ಮುಗಿದು ಇನ್ನೊಂದು ಏಳಬೇಕು, ಎಲ್ಲಕ್ಕೂ ಲೆಕ್ಕವಿರಬೇಕು. ಕಾಕಾನಿಗೆ ಕರಗಿಸುವ ಬ್ಯಾಂಡು ಬೇಕು: ಒಂದು ಗಿಟಾರಿನ ಸ್ವರ ಎಲ್ಲಿ ಹುಟ್ಟಿತು, ಎಲ್ಲಿ ಹೋಯಿತು ಎಂದು ತಿಳಿಯಬಾರದು. ಮಾಮಾನ ಪಕ್ಷದ ಮುಖ್ಯ ತಂಡ ಮೆಟ್ಟಲದವರು. ಕಾಕಾನದ್ದು ಹೊಳೆಯಂತೆ ಹರಿಯುವ ಹೊಳಿಯವರು. ಈ ಎರಡು ತಂಡಗಳೂ ಇವರಿಗೆ ಸಿಕ್ಕದ್ದು ಒಂದೇ ಕೈಯಿಂದ, ಹೆಚ್ಚೂಕಡಿಮೆ ಮೂವತ್ತು ವರ್ಷದ ಹಿಂದೆ.

ಹಿಪ್ಪರಗಿ ಬ್ಯಾರೇಜಿನ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರು ಆಗ ಬನಹಟ್ಟಿಯಲ್ಲಿ ಮಗ್ಗದ ಓಣಿಯಲ್ಲೇ ಖೋಲಿ ಹಿಡಿದಿದ್ದರಂತೆ. ಮೈಸೂರು ಕಡೆಯವರು. ಅವರ ಹತ್ತಿರ ರೆಕಾರ್ಡ್ ಪ್ಲೇಯರೂ ಒಂದು ಟ್ರಂಕು ರೆಕಾರ್ಡುಗಳೂ ಇದ್ದವು. ಗೆಳೆಯರಿಬ್ಬರೂ ತಲಾ ಒಂದು ಖಾಲಿ ಕ್ಯಾಸೆಟ್ ಕೊಟ್ಟು, ಛಲೋದು ಏನಾದರೂ ತುಂಬಿಕೊಡಿ ಎಂದರು. ಇಂಜಿನಿಯರು ಒಂದರ ಮೇಲೆ 'ಒಂದು' ಎಂದೂ ಇನ್ನೊಂದರ ಮೇಲೆ 'ಎರಡು' ಎಂದೂ ಬರೆದು ಕೊಟ್ಟರು. 'ಇಬ್ರೂ ಬದಲಾಯಿಸ್ಕೊಂಡು ಕೇಳಿ' ಎಂದಷ್ಟೇ ಹೇಳಿದರು. ಆ ವಾರವೇ ಅವರಿಗೆ ವರ್ಗವಾಯಿತು. 'ಒಂದು' ಕಾಕಾನ ಪಾಲಿಗೆ ಬಂತು, 'ಎರಡು' ಮಾಮಾನ ಪಾಲಿಗೆ.

ಆ ಮಾತನ್ನು ಇವರು ಹೇಗೆ ತೆಗೆದುಕೊಂಡರು ಎನ್ನುವುದು ತಿಳಿಯಬೇಕಾದರೆ ಕಾಕಾನ ತಂದೆಯ ಬಗ್ಗೆ ಹೇಳಬೇಕು. ಅವರದು ಬೀರೇಶ್ವರನ ಒಕ್ಕಲು, ಕುರಿಯ ಮನೆತನ. ತಂದೆ ಡೊಳ್ಳಿನ ಪದದ ಹಾಡುಗಾರ. ನಮ್ಮ ಕಡೆ ಡೊಳ್ಳಿನ ಪದ ಅಂದರೆ ಎರಡು ಮೇಳ ಎದುರುಬದುರು ಕೂರಬೇಕು. ಹರದೇಶಿಯವರು ಶಿವ ಹೆಚ್ಚು ಎನ್ನಬೇಕು, ನಾಗೇಶಿಯವರು ಶಕ್ತಿ ಹೆಚ್ಚು ಎನ್ನಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಇದನ್ನು ಕೇಳಿ ಬೆಳೆದವರಿಗೆ ಒಂದರ ಹಿಂದೆ ಒಂದು ಹಾಡು ಬಂತೆಂದರೆ ಅವೆರಡೂ ಎದುರಾಳಿಗಳೇ. 'ಬದಲಾಯಿಸ್ಕೊಂಡು ಕೇಳಿ' ಅಂದರೆ ಇಂಜಿನಿಯರು ಎರಡು ಮೇಳ ಎದುರುಬದುರು ಕೂರಿಸಿ ಹೋಗಿದ್ದಾರೆ ಎಂದೇ ಇಬ್ಬರೂ ತಿಳಿದರು. ಹೊಳಿಯವರು ನಾಗೇಶಿ, ಮೆಟ್ಟಲದವರು ಹರದೇಶಿ. ಯಾರು ಹೆಚ್ಚು?

ಮೂವತ್ತು ವರ್ಷ ಇದೇ ಪ್ರಶ್ನೆ. ಒಂದು ಮಾದರಿಯನ್ನು ಡೈರಿಯಿಂದ ಇಳಿಸುತ್ತೇನೆ.

"ಏ ದನದ ಡಾಕ್ಟರ, ಬಂದ್ಯಾ? ಇವತ್ತರ ಮುಗಿಯೂವಂಥದ್ದು ಏನರ ತಂದೀದಿಯೋ, ಇಲ್ಲಾ ಅದ ನೀರ ಹರಸ್ತೀಯೋ?"

"ಹರೀಲಿ ಬಿಡೋ ಸಾವಕಾರ. ನಿಮ್ಮವ್ರು ಮೆಟ್ಟಲ ಏರ್ತಾರ, ಏರ್ತಾರ, ಮ್ಯಾಲ ಹೋಗಿ ಏನ ನೋಡ್ತಾರ? ಮತ್ತೊಂದ ಮೆಟ್ಟಲ."

"ನಿಮ್ಮ ಹಾಡುಗಾರ ಮುದುಕ. ಬಾವ್ಯಾಗ ಬಿದ್ದ ಕೊಡದಂಗ ದನಿ ಅವಂದು."

"ಮುದುಕ ಅನ್ನಬ್ಯಾಡ, ಬದಕಿದವ ಅನ್ನು. ನಿಮ್ಮವಗ ಇನ್ನೂ ಮೀಸಿ ಬಂದಿಲ್ಲ. ಹೋಗ್ಲಿ, ಆ ಇಂಜಿನಿಯರ್ ಏನ ಶಾಣ್ಯಾ ಮನಷ್ಯಾ ಅಂತೀನಿ. ನಂಬರ್ ಒಂದು ಯಾರಿಗಿ ಕೊಟ್ಟ? ನಂಬರ್ ಎರಡು ಯಾರಿಗಿ ಕೊಟ್ಟ?"

ಇಲ್ಲಿಗೆ ಬಂದರೆ ಮಾಮಾನ ಮುಖ ಕೆಂಪಾಗುತ್ತಿತ್ತು. ಆ 'ಎರಡು' ಅವನನ್ನು ನಿಜವಾಗಿಯೂ ಕೊರೆಯುತ್ತಿತ್ತು. ಗಿರಾಕಿಗಳ ಮುಂದೆ ಸಿಂಹದಂತಿರುವವನು ಆ ಒಂದು ಅಂಕಿಯ ಮುಂದೆ ಸಣ್ಣವನಾಗುತ್ತಿದ್ದ. ನನ್ನನ್ನು ತೀರ್ಪು ಹೇಳುವ ಪಂಚಳೆಂದು ಕೂರಿಸಿ, ಗೆದ್ದವರು ಯಾರು ಎಂದು ಬರೆದಿಡು ಎಂದು ಹೇಳಿದವನೂ ಅವನೇ. ನಾನು ಕೂತ ಬೈಠಕ್ಕುಗಳಲ್ಲಿ ಇಬ್ಬರೂ ಸಮ ಸಮ ಬಂದಿದ್ದರು. ಅದಕ್ಕೆ ನನ್ನ ಭಯವೂ ಸ್ವಲ್ಪ ಕಾರಣ.

ಮೆಟ್ಟಲದವರಲ್ಲಿ ಕಾಣುವ ಲೆಕ್ಕ ನನಗೆ ಬೇಗ ತಿಳಿಯುತ್ತಿತ್ತು. ಹೊಳಿಯವರಲ್ಲಿ ಕಾಕಾನಿಗೆ ಏನು ಕಾಣುತ್ತದೆ ಎನ್ನುವುದು ಬಹಳ ದಿನ ತಿಳಿಯಲಿಲ್ಲ. ತಿಳಿದದ್ದು ಹಿಪ್ಪರಗಿಯಲ್ಲಿ, ಒಂದು ದನದ ಕೊಟ್ಟಿಗೆಯಲ್ಲಿ.

ಅಂದು ಕಾಕಾನ ಗಾಡಿಯಲ್ಲಿ ನಾನೂ ಹೋಗಿದ್ದೆ. ನಿವೃತ್ತರಾದ ಮೇಲೂ ಜನ ಅವರನ್ನೇ ಕರೆಯುತ್ತಿದ್ದರು. ಎಮ್ಮೆ ಮೇವು ಬಿಟ್ಟಿತ್ತು, ಮೆಲುಕು ಹಾಕುತ್ತಿರಲಿಲ್ಲ. ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕಾಕಾ ಎಮ್ಮೆಯ ಎಡಗಡೆ ಪಕ್ಕೆಯ ಹಿಂದಿನ ಗುಳಿಗೆ ಸ್ಟೆಥಾಸ್ಕೋಪು ಒತ್ತಿ ನಿಂತರು. ನಿಂತೇ ಇದ್ದರು. ಸಾಕಷ್ಟು ಹೊತ್ತಾದ ಮೇಲೆ ಮುಖ ಸಡಿಲಾಯಿತು. "ಐತಿ. ಸಣ್ಣಾಗೇತಿ, ಆದ್ರ ಐತಿ" ಎಂದರು. ಔಷಧವನ್ನು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಸುರಿದು ಕುಡಿಸಿದರು. ನಾವು ಚಹಾ ಕುಡಿದು, ಬ್ಯಾರೇಜಿನ ಕಡೆ ಒಂದು ಸುತ್ತು ಹಾಕಿ ಬಂದ ಮೇಲೆ ಸ್ಟೆಥಾಸ್ಕೋಪನ್ನು ನನ್ನ ಕಿವಿಗೆ ಕೊಟ್ಟರು.

"ಅವಸರ ಮಾಡಬ್ಯಾಡ. ಏನೂ ಕೇಳೂದಿಲ್ಲ ಮೊದಲ. ನಿಲ್ಲು."

ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಹಳ ದೂರದಲ್ಲಿ ಏನೋ ಹೊರಳಿದಂತಾಯಿತು. ಅದು ಹತ್ತಿರ ಬಂತು, ದೊಡ್ಡದಾಯಿತು, ಕಿವಿ ತುಂಬಿತು, ದಾಟಿ ಹೋಯಿತು. ಮತ್ತೆ ಮೌನ. ನಾನು ತೆಗೆಯಲು ಹೋದರೆ ಕಾಕಾ ಬೇಡ ಎಂದು ತಲೆ ಅಲ್ಲಾಡಿಸಿದರು. ಮತ್ತೆ ದೂರದಲ್ಲಿ ಹೊರಳಿತು. ಎಮ್ಮೆಯ ಹೊಟ್ಟೆಯೊಳಗೆ ಒಂದು ಮೋಡ ನಡೆದಾಡುತ್ತಿತ್ತು.

"ಇದ ನೋಡವ್ವಾ ನಮ್ಮ ಹೊಳಿಯವ್ರು. ಜೀವ ಐತಿ ಅನ್ನೂದಕ್ಕ ಇಷ್ಟ ಗುರತು. ಹೊರಗ ನಿಂತವ್ರಿಗಿ ಏನೂ ನಡದಿಲ್ಲ ಅನಸ್ತೈತಿ."

ಮನೆಯಾಕೆ "ಬದಕ್ತಾಳೇನ್ರೀ ನಮ್ಮವ್ವ?" ಎಂದು ಕೇಳಿದಳು. ಎಮ್ಮೆ ಅವಳಿಗೆ ಉತ್ತರವಾಗಿ ಒಮ್ಮೆ ದವಡೆ ಆಡಿಸಿತು. ಕಾಕಾ ನಕ್ಕರು. "ಕೇಳು, ಅಕೀನ ಹೇಳಾಕತ್ತಾಳ" ಎಂದರು.

ಅವರು ಹೊಳಿಯವರನ್ನು ಹಚ್ಚಿ ಕೇಳಿಸದ ಜನವೇ ಇರಲಿಲ್ಲ. ಬೀಳಗಿಯಲ್ಲಿದ್ದಾಗ ಕುರಿಗಳಿಗೆ ಲಸಿಕೆ ಹಾಕಿ ದಣಿದು, ಗುಡ್ಡದ ಓರೆಯಲ್ಲಿ ಕೂತು ಹೊಳಿಯವರನ್ನು ಹಚ್ಚಿದರಂತೆ. ಕುರಿ ಕಾಯುವ ಅಜ್ಜ ಕಂಬಳಿಯ ಮೇಲೆ ಕೂತು ಪೂರ್ತಿ ಕೇಳಿ, "ಇದು ಯಾವಾಗ ಶುರು ಆಕ್ಕೈತ್ರಿ?" ಎಂದನಂತೆ. ಈ ಕಥೆಯನ್ನು ಮಾಮಾ ಕಾಕಾನನ್ನು ಹಂಗಿಸಲು ಹೇಳುತ್ತಿದ್ದ. ಕಾಕಾ ಅದನ್ನೇ ಹೆಮ್ಮೆಯಿಂದ ಹೇಳುತ್ತಿದ್ದರು. "ಮುಗದ ಮ್ಯಾಲೂ ದಾರಿ ಕಾಯಾಕ ಹಚ್ಚೂ ಹಾಡು ಇನ್ನ್ಯಾವದೈತಿ ಹೇಳು?"

ತಂದೆಯ ಕಥೆ ಒಂದನ್ನು ಮಾತ್ರ ನಗದೆ ಹೇಳುತ್ತಿದ್ದರು. ಒಮ್ಮೆ ಪದ ನಡೆದಾಗ ಎದುರಿನ ಹರದೇಶಿ ಮೇಳದ ಮುಖ್ಯ ಹಾಡುಗಾರನ ಗಂಟಲು ಕಟ್ಟಿತು. ಜನ ಏಳತೊಡಗಿದರು. ನಾಗೇಶಿ ಮೇಳದಲ್ಲಿದ್ದ ಕಾಕಾನ ತಂದೆ ಎದ್ದರು, ನಡುವಿನ ಜಾಗ ದಾಟಿ ಹೋಗಿ ಎದುರಿನ ಮೇಳದಲ್ಲಿ ಕೂತರು, ತಮ್ಮ ಮೇಳಕ್ಕೇ ಸವಾಲು ಹಾಕಿ ಹಾಡಿದರು. "ನಾ ಸಣ್ಣಾಂವ ಇದ್ದೆ. ಅಪ್ಪ ಆ ಕಡೆ ಹೋದ ಅಂತ ಅತ್ತೆ. ಮನೀಗಿ ಬಂದ ಮ್ಯಾಲ ಅಪ್ಪ ಅಂದಾ: ಮಗನ, ಆ ಕಡೆ ಯಾರೂ ಇಲ್ಲಂದ್ರ ಈ ಕಡೆ ಕುಂತು ಏನ ಮಾಡ್ಲಿ?"

ಈಗ ಫೆಬ್ರವರಿಯ ವಿಷಯಕ್ಕೆ ಬರುತ್ತೇನೆ.

ಕ್ಯಾಸೆಟ್ಟುಗಳು ಹಳೆಯವಾಗಿದ್ದವು. ಟೇಪು ಹರಿದರೆ ಗತಿಯೇನು ಎಂದು ಎರಡನ್ನೂ ಕಂಪ್ಯೂಟರಿಗೆ ಇಳಿಸುವ ಕೆಲಸ ನನಗೆ ಬಂತು. ಒಂದು ಭಾನುವಾರ ಮೇಲಿನ ಖೋಲಿಯಲ್ಲಿ ಕೂತು ಇಳಿಸಿದೆ. ಮಾಮಾ ಪಕ್ಕದಲ್ಲಿದ್ದ. ಕಾಕಾ ಮುಧೋಳಕ್ಕೆ ಯಾರದೋ ನಾಯಿ ನೋಡಲು ಹೋಗಿದ್ದರು. ಹಾಡು ಕೇಳಿಸಿದರೆ ಹೆಸರು ಹೇಳುವ ಒಂದು ಸೌಲಭ್ಯ ನನ್ನ ಫೋನಿನಲ್ಲಿದೆ. ಕುತೂಹಲಕ್ಕೆ ಮೆಟ್ಟಲದವರನ್ನು ಕೇಳಿಸಿದೆ. ಕೂಡಲೇ ಬ್ಯಾಂಡಿನ ಹೆಸರು, ರೆಕಾರ್ಡಿನ ಹೆಸರು ಎರಡೂ ಬಂದವು. ಹೊಳಿಯವರನ್ನು ಕೇಳಿಸಿದೆ. ಫೋನು ಬಹಳ ಹೊತ್ತು ಯೋಚಿಸಿ, ಗೊತ್ತಿಲ್ಲ ಎಂದಿತು. ಮತ್ತೆ ಕೇಳಿಸಿದೆ. ಗೊತ್ತಿಲ್ಲ.

ಮಾಮಾನಿಗೆ ಖುಷಿಯೋ ಖುಷಿ. "ನೋಡು, ಫೋನಿಗೂ ತಿಳೀವಲ್ದು! ಆ ಮುದುಕನ್ನ ಜರಾ ಓಡಸ್ ನೋಡೂಣು ಬೇ, ಮಗಾ ಹೆಂಗ ಕುಣೀತಾನ."

ತಮಾಷೆಗೆ ವೇಗ ಸ್ವಲ್ಪ ಏರಿಸಿದೆ. ಇನ್ನೂ ಸ್ವಲ್ಪ ಏರಿಸಿದೆ. ಬಾವಿಯಲ್ಲಿ ಬಿದ್ದ ಕೊಡ ಮೇಲೆ ಬಂತು. ಮುದುಕನಿಗೆ ಪ್ರಾಯ ಬಂತು. ನಗುತ್ತಿದ್ದ ಮಾಮಾ ನಗು ನಿಲ್ಲಿಸಿದ.

"ಏ... ತಡಿ. ಇವ ನಮ್ಮ ಹುಡುಗ."

ಫೋನು ಹಿಡಿದೆ. ಈ ಸಲ ಅದು ಯೋಚಿಸಲೇ ಇಲ್ಲ. ಅದೇ ಬ್ಯಾಂಡು. ಅದೇ ರೆಕಾರ್ಡು. ಕಾಕಾನ ಕ್ಯಾಸೆಟ್ಟಿನಲ್ಲಿ ಇದ್ದದ್ದು ರೆಕಾರ್ಡಿನ ಮೊದಲ ಬದಿ, ಮಾಮಾನದ್ದರಲ್ಲಿ ಇದ್ದದ್ದು ಎರಡನೇ ಬದಿ. ಕಾಕಾನದ್ದು ಮಾತ್ರ ಹೇಗೋ ನಿಧಾನವಾಗಿ ತುಂಬಿಕೊಂಡಿತ್ತು. ಹೊಳಿಯವರು ಅನ್ನುವ ಬ್ಯಾಂಡೇ ಇರಲಿಲ್ಲ.

ಮಾಮಾ ಎದ್ದು ಖೋಲಿಯ ತುಂಬ ಕುಣಿದ. "ಸಿಕ್ಕ ಮಗ! ಮೂವತ್ತ ವರ್ಷ ನಮ್ಮವ್ರನ್ನ ಹೊಗಳ್ಯಾನ! ನಂಬರ್ ಒಂದಂತ, ನಂಬರ್ ಒಂದು!" ಕುಣಿದು ದಣಿದು ನೂಲಿನ ಗಂಟಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅವನ ಮುಖವೇ ಬೇರೆಯಾಯಿತು.

"ಅವ್ಗ ಹೇಳಬ್ಯಾಡ ಬೇ."

"ಯಾಕ್ರಿ ಮಾಮಾ? ಗೆದ್ರೆಲ್ಲಾ?"

"ಗೆದ್ದ ಏನ ಮಾಡ್ಲಿ? ಹೊಳಿಯವ್ರು ಇಲ್ಲಂತ ತಿಳದ ಮ್ಯಾಲ ಅವ ಯಾತಕ್ಕ ಬರ್ತಾನ ಇಲ್ಲಿಗಿ? ಯಾರ ಜೋಡಿ ಜಗಳಾಡ್ಲಿ ನಾ? ನೂಲ ತಗೊಳ್ಳಾಕ ಬರೂವರ ಜೋಡಿ?"

ನಾನು ಹೇಳುವುದಿಲ್ಲ ಎಂದೆ. ಮುಂದಿನ ಬೈಠಕ್ಕಿಗೆ ಕಾಕಾ ಬಂದರು, ಹೊಸ ಸೆಲ್ಲು ಹಾಕಿದರು, ಹೊಳಿಯವರನ್ನು ಹಚ್ಚಿದರು. ಮುಗಿದ ಮೇಲೆ ಮಾಮಾನ ಕಡೆ ತಿರುಗಿ ಬೈಗುಳಕ್ಕೆ ಕಾದರು.

"ಛಲೋ ಐತಿ" ಎಂದ ಮಾಮಾ. "ನೀರಿನಂಗ ಐತಿ. ಛಲೋ ಐತಿ."

ಕಾಕಾ ಎದ್ದು ಹೋಗಿ ಮಾಮಾನ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. "ನಾಲಿಗಿ ತಗಿ."

"ಏನಾಗೇತೋ ನಿನಗ?"

"ನನಗೇನಾಗಿಲ್ಲ. ದನಾ ಮೇವ ಬಿಟ್ಟರ ನನಗ ಗೊತ್ತಾಕ್ಕೈತಿ. ನೀ ಬೈಯೂದ ಬಿಟ್ಟೀದಿ. ಏನ ಮುಚ್ಚಿಡಾಕತ್ತೀದಿ ಹೇಳು."

ಮಾಮಾ ನನ್ನ ಮುಖ ನೋಡಿದ. ಆಮೇಲೆ ಹೇಳಿಬಿಟ್ಟ. ಮೂವತ್ತು ವರ್ಷ ಕಾದಿದ್ದ ಗೆಲುವನ್ನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಹೇಳಿದ.

ಕಾಕಾ ನನ್ನ ಕಡೆ ತಿರುಗಿದರು. "ಅವ್ರು ನಡದ ನಡಗಿಯಾಗ ಹಚ್ಚು."

ಫೋನಿನಲ್ಲಿ ಸರಿಯಾದ ವೇಗದಲ್ಲಿ ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿಯಿತು. ಮಾಮಾ ಅಂಗಿಯ ಗುಂಡಿಯನ್ನು ತಿರುಗಿಸುತ್ತಿದ್ದ. "ಮತ್ತ ಹಚ್ಚು" ಎಂದರು. ಎರಡನೆಯದು ಮುಗಿಯಿತು. "ಮತ್ತ." ಆಗ ನನಗೆ ತಿಳಿಯಿತು: ನನ್ನ ಟ್ರ್ಯಾಕ್ಟರ್‌ನವರಿಗೆ ಕೊಟ್ಟ ಮರ್ಯಾದೆಯನ್ನೇ ಅವರು ಈಗ ತಮ್ಮನ್ನು ಕೆಡವಿದ ಹಾಡಿಗೂ ಕೊಡುತ್ತಿದ್ದರು. ಮೂರನೆಯದರ ನಡುವೆ ಕರೆಂಟು ಬಂತು. ಕೆಳಗೆ ಮಗ್ಗಗಳು ಶುರುವಾದವು. ನಾನು ನಿಲ್ಲಿಸಲೇ ಎಂದು ಕೇಳಿದೆ. ಕೈ ಅಡ್ಡ ಹಿಡಿದು, ಫೋನಿನ ಸ್ಪೀಕರಿಗೆ ಕಿವಿ ತಾಗಿಸಿ, ಎಮ್ಮೆಯ ಪಕ್ಕೆಗೆ ಬಾಗಿದ ಹಾಗೆ ಬಾಗಿ ಕೂತರು. ಹಾಡು ಮುಗಿದ ಮೇಲೂ ಹಾಗೇ ಕೂತಿದ್ದರು. ಈಗ ಅವರು ಮಗ್ಗಗಳನ್ನು ಕೇಳುತ್ತಿದ್ದರು.

"ಸಾವಕಾರ, ನೀ ಕ್ಯಾಸೆಟ್ ತುಂಬಿಸಾಕ ಆ ಇಂಜಿನಿಯರ್ ಖೋಲಿಗಿ ಯಾವಾಗ ಹೋಗಿದ್ದಿ?"

"ರಜಾ ದಿನ. ಮಗ್ಗಾ ಬಂದ್ ಇದ್ದೂ."

"ನಾ ಹೋದದ್ದು ಮಧ್ಯಾಹ್ನ. ಊರ ಮಗ್ಗೆಲ್ಲಾ ಓಡಾಕತ್ತಿದ್ದೂ. ಅವನ ಖೋಲ್ಯಾಗಿನ ಬಲ್ಬು ಕೆಂಡದಂಗ ಇತ್ತು, ನನಗ ಇನ್ನೂ ಕಣ್ಣಿಗಿ ಕಟ್ಟೇತಿ. ಕರೆಂಟ್ ಇಳದಿತ್ತು. ಟೇಪ್ ಸೆಲ್ಲಿನ ಮ್ಯಾಲಿತ್ತು, ರೆಕಾರ್ಡ್ ತಟ್ಟಿ ಅಷ್ಟ ನಿದಾನಕ ತಿರಗೇತಿ." ಕೆಳಗಿನ ಸದ್ದಿನ ಕಡೆ ಬೆರಳು ತೋರಿಸಿ ಹೇಳಿದರು: "ಹಂಗಾರ ಮೂವತ್ತ ವರ್ಷ ನಾ ಕೇಳಿದ್ದು ನಿಮ್ಮ ಊರ ಮಗ್ಗದವ್ರನ್ನ. ಅವ್ರ ಎಳದ ಎಳದ ಹೊಳಿ ಮಾಡ್ಯಾರ."

ಮಾಮಾನಿಗೆ ಇನ್ನೊಂದು ಹೊಳೆಯಿತು. "ತಡಿ, ತಡಿ. ಒಂದಂದ್ರ ಮೊದಲನೇ ಬದಿ. ಎರಡಂದ್ರ ಎರಡನೇ ಬದಿ. ಹಂಗಾರ ನಂಬರ್ ಎರಡು ಅಲ್ಲ ನಾ!"

"ಅಲ್ಲಪಾ, ಅಲ್ಲ."

"ಬದಲಾಯಿಸ್ಕೊಂಡು ಕೇಳ್ರಿ ಅಂದಿದ್ದು, ಪೂರಾ ರೆಕಾರ್ಡ್ ಕೇಳ್ರಿ ಅಂತ! ಜಗಳಾಡ್ರಿ ಅಂತಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬಂದ ನಗುವಿಗೆ ಕೆಳಗಿನ ಅಂಗಡಿಯಿಂದ ಆಳು ಓಡಿ ಬಂದ. ಆ ನಗುವಿನ ಕೊನೆ ಬರುತ್ತಿದ್ದಂತೆ ಮಾಮಾನ ಕಣ್ಣಿನಲ್ಲಿ ಮತ್ತೆ ಅದೇ ಅಂಜಿಕೆ ಕಂಡಿತು. ಕಾಕಾ ತಮ್ಮ ಕ್ಯಾಸೆಟ್ಟನ್ನು ತೆಗೆದು ಡಬ್ಬಿಯಲ್ಲಿ ಹಾಕುತ್ತಿದ್ದರು. ಚೀಲ ಕಟ್ಟುತ್ತಾರೆ, ಇನ್ನು ಬರುವುದಿಲ್ಲ ಎಂದು ನನಗೂ ಅನ್ನಿಸಿತು.

ಅವರು ಚೀಲ ಕಟ್ಟಲಿಲ್ಲ. ಎದ್ದರು. ಖೋಲಿಯ ನಡುವಿನ ಜಾಗ ದಾಟಿದರು. ಮಾಮಾ ಯಾವಾಗಲೂ ಕೂರುವ ನೂಲಿನ ಗಂಟಿನ ಹತ್ತಿರ ಬಂದು ನಿಂತರು.

"ಏಳು."

"ಯಾಕೋ?"

"ನೀ ಆ ಕಡೆ ಹೋಗು. ಹೊಳಿಯವ್ರು ಇವತ್ತಿನಿಂದ ನಿನ್ನ ಕಡೆ. ನಿಮ್ಮ ಮಗ್ಗಾ ಹಡದಾವು, ನೀನ ಸಾಕು. ಮೆಟ್ಟಲದವ್ರ ಕಡೆ ನಾ ಕೂಡ್ತೀನಿ. ಆ ಮನಷ್ಯಾ ಬದಲಾಯಿಸ್ಕೋರಿ ಅಂದಿದ್ದನಲ್ಲಾ, ಬದಲಾಯಿಸ್ಕೊಳ್ಳೂಣು."

'ಒಂದು' ಮಾಮಾನ ಕೈಗೆ ಬಂತು. 'ಎರಡು' ಕಾಕಾನ ಚೀಲಕ್ಕೆ ಹೋಯಿತು. ಅರವತ್ತು ದಾಟಿದ ಮನುಷ್ಯ ತನ್ನ ಅರ್ಧ ಆಯುಷ್ಯದ ರುಚಿಯನ್ನು ಒಂದು ಮಧ್ಯಾಹ್ನದಲ್ಲಿ ಎದುರಿನವನಿಗೆ ಕೊಟ್ಟು, ಎದುರಿನವನದ್ದನ್ನು ಮನೆಗೆ ಒಯ್ದದ್ದನ್ನು ನಾನು ಕಣ್ಣಾರೆ ಕಂಡೆ. ಆ ರಾತ್ರಿ ಡೈರಿಯಲ್ಲಿ ಯಾರು ಗೆದ್ದರು ಎನ್ನುವ ಜಾಗವನ್ನು ಖಾಲಿ ಬಿಟ್ಟೆ. ಈಗಲೂ ಅದು ಖಾಲಿಯೇ ಇದೆ.

ಆಮೇಲೆ ನಾಲ್ಕು ಬೈಠಕ್ಕು ನಡೆದವು. ಅಂಥ ಜಗಳ ಹಿಂದೆ ನಡೆದಿರಲಿಲ್ಲ. ಮಾಮಾ ಹೊಳಿಯವರ ಪರ ವಾದಿಸಲು ಮೊದಲು ಒದ್ದಾಡಿದ. ಆಮೇಲೆ ಅಂಗಡಿ ಬಾಗಿಲು ಹಾಕಿಕೊಂಡು ಆ ಕ್ಯಾಸೆಟ್ ಕೇಳತೊಡಗಿದ. ಮೂರನೇ ಸಲಕ್ಕೆ, "ಅಲ್ಲೋ, ಆ ಮುದುಕ ಎರಡನೇ ಸಾಲಿನ್ಯಾಗ ಉಸರ ತಗೋತಾನಲ್ಲಾ, ಅದನ್ನ ನೀ ನನಗ ಒಮ್ಮೆನೂ ಹೇಳಲಿಲ್ಲ!" ಎಂದು ಕಾಕಾನ ಮೇಲೆ ಸಿಟ್ಟಾದ. ಮೂವತ್ತು ವರ್ಷ ಎದುರಿಗೇ ಕೂತು ಕೇಳಿದ್ದನ್ನು ಆಗ ಮೊದಲ ಸಲ ಕೇಳಿದ್ದ.

ಕಾಕಾ ಮೆಟ್ಟಲದವರ ಪರ ನಿಂತದ್ದನ್ನು ಏನು ಹೇಳಲಿ. ಮಾಮಾ ಇಷ್ಟು ವರ್ಷ ಲೆಕ್ಕ, ಲೆಕ್ಕ ಎಂದದ್ದೇ ಬಂತು. ಕಾಕಾ ಒಂದೇ ಮಾತಿನಲ್ಲಿ ಹೇಳಿದರು.

"ಗಲಗಲ್ಯಾಗ ನಾವ್ ಸಣ್ಣವ್ರಿದ್ದಾಗ ಹೊಳಿ ದಂಡಿ ಮೆಟ್ಟಲ ಇಳೀತಿದ್ವಿ. ಒಂದೊಂದ ಮೆಟ್ಟಲಕ್ಕ ಹೊಳಿ ಒಂದೊಂದ ಥರಾ ಕಾಣತಿತ್ತು. ಇವ್ರು ಏರಾಕತ್ತಾರ ಅಂತ ಯಾರ ಹೇಳಿದ್ರೋ ನಿನಗ? ಇವ್ರು ಇಳ್ಯಾಕತ್ತಾರ."

ಕ್ಯಾಸೆಟ್ಟನ್ನು ಮತ್ತೆ ಹಚ್ಚಿ ಕೇಳಿದೆವು. ಹೌದು, ಅವರು ಇಳಿಯುತ್ತಿದ್ದರು.

ಜೂನ್ ಹತ್ತರಂದು ಬೆಳಿಗ್ಗೆ ಜಮಖಂಡಿಯ ಮನೆಯಲ್ಲಿ, ಚಹಾ ಕುಡಿದು ಪೇಪರು ಹಿಡಿದು ಕೂತಲ್ಲೇ ಕಾಕಾ ಹೋದರು. ದಿನಕರ್ಮ ಮುಗಿದ ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕಿ, ಟೇಪ್‌ರೆಕಾರ್ಡರನ್ನು ಮಾಮಾನ ಮುಂದೆ ತಂದಿಟ್ಟರು. ಅದರೊಳಗೆ 'ಎರಡು' ಇತ್ತು, ಅರ್ಧಕ್ಕೆ ನಿಂತಿತ್ತು. "ನಿಮ್ಮದಂತಲ್ರಿ, ತಗೋರಿ" ಎಂದರು. ಮಾಮಾ ಟೇಪ್‌ರೆಕಾರ್ಡರ್ ತೆಗೆದುಕೊಂಡ, ಕ್ಯಾಸೆಟ್ ಮುಟ್ಟಲಿಲ್ಲ. "ಇದು ಅವಂದ್ರಿ ವೈನಿ. ನಂದು ನನ್ನ ಕಡೆ ಐತಿ."

ಇಷ್ಟು ಬರೆಯುವಷ್ಟರಲ್ಲಿ ಹನ್ನೊಂದೂವರೆಯಾಯಿತು. ಕರೆಂಟು ಇನ್ನೂ ಬಂದಿಲ್ಲ. ಮೇಲಿನ ಖೋಲಿಯಲ್ಲಿ ಮಾಮಾ ಹಳೆಯ ಸೆಲ್ಲು ತೆಗೆದು ಹೊಸದು ಹಾಕುತ್ತಿರುವ ಸದ್ದು ಕೇಳುತ್ತಿದೆ. ಈಗ ಕೂಗಿದ.

"ಏ ಬೇ, ಬರಿಯೂದ ಸಾಕ್ ಮಾಡ್ ಬಾ. ಆ ಕಡೆ ಯಾರೂ ಇಲ್ಲ. ನಾ ಒಬ್ಬನ ಈ ಕಡೆ ಕುಂತು ಏನ ಮಾಡ್ಲಿ?"

ಹೋಗುತ್ತೇನೆ. ಹೋಗುವ ಮುನ್ನ ಒಂದು ಕೋರಿಕೆ. ಬ್ಯಾರೇಜಿನ ಕೆಲಸದ ಕಾಲದಲ್ಲಿ ಬನಹಟ್ಟಿಯ ಮಗ್ಗದ ಓಣಿಯಲ್ಲಿದ್ದ, ಒಂದು ಟ್ರಂಕು ರೆಕಾರ್ಡುಗಳಿದ್ದ ಆ ಇಂಜಿನಿಯರನ್ನು ಬಲ್ಲವರು ಯಾರಾದರೂ ಈ ಬರಹ ಓದಿದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. 'ನೀವು ಹೇಳಿದಂತೆ ಇಬ್ಬರೂ ಬದಲಾಯಿಸಿಕೊಂಡು ಕೇಳಿದರು, ಸ್ವಲ್ಪ ತಡವಾಯಿತು' ಎಂದು ಅವರಿಗೆ ತಿಳಿಸಬೇಕು. ಕಾಕಾ ಬೀಳಗಿ, ಮುಧೋಳದ ಕಡೆ ಹೊಳಿಯವರ ನಕಲು ಹಂಚಿದ್ದರಂತೆ; ಅದು ನಿಮ್ಮ ಮನೆಯಲ್ಲಿದ್ದರೆ ಅಳಿಸಬೇಡಿ, ನಮಗೆ ತಿಳಿಸಿ. ಹಾಗೆಯೇ, ಅದೇ ಇಂಜಿನಿಯರು 'ಮೂರು' ಎಂದು ಬರೆದ ಕ್ಯಾಸೆಟ್ಟನ್ನು ಯಾರಿಗಾದರೂ ಕೊಟ್ಟಿದ್ದರೆ, ಅವರು ಪತ್ರ ಬರೆಯುವ ಕಷ್ಟವನ್ನೂ ತೆಗೆದುಕೊಳ್ಳಬೇಕಿಲ್ಲ. ಕರೆಂಟು ಹೋದ ದಿನ ನೇರವಾಗಿ ಬನಹಟ್ಟಿಗೆ ಬಂದು ಮಾಮಾನ ಎದುರಿಗೆ ಕೂರಲಿ.